ಭಾಷೆ ಇಷ್ಟ, ಸರಿ. ಪ್ರಶ್ನೆ ಏನು?

ಕೇಳುಗರಿಗೆ ನಮಸ್ಕಾರ. ಪದವಿ ಮುಗಿಸಿದವರು ಆಗಾಗ ನನ್ನ ಹತ್ತಿರ ಬಂದು ಒಂದು ವಿಷಯ ಕೇಳುತ್ತಾರೆ. ಭಾಷೆ, ಮನಸ್ಸು, ಮಿದುಳು ಎಲ್ಲ ಸೇರಿಸಿ ಓದುವ ಎಂಎ, ಎಂಎಸ್ಸಿ ಇದೆಯಂತಲ್ಲ, ಕಾಗ್ನಿಟಿವ್ ಸೈನ್ಸ್ ಅಂತ, ಅದಕ್ಕೆ ಸೇರಬಹುದಾ? ಯಾಕೆ ಸೇರಬೇಕು ಅಂತ ತಿರುಗಿ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ. ನನಗೆ ಭಾಷೆ ಅಂದರೆ ತುಂಬಾ ಇಷ್ಟ.

ಇರಲಿ, ಒಳ್ಳೆಯದೇ. ನಾನೂ ಹಾಗೆ ಹೇಳಿಕೊಂಡೇ ಒಳಗೆ ಹೋದವರ ಪೈಕಿ. ಆದರೆ ಅಲ್ಲಿ ನಿಮ್ಮನ್ನು ಕೇಳುವುದೇ ಬೇರೆ. ನಿಮ್ಮ ಪ್ರಶ್ನೆ ಏನು? ನೀವು ಅಂದುಕೊಂಡಿದ್ದು ತಪ್ಪಾಗಿದ್ದರೆ ಅದು ನಿಮಗೆ ಹೇಗೆ ಗೊತ್ತಾಗುತ್ತದೆ? ಈ ಎರಡನೆಯದು ಇದೆಯಲ್ಲ, ಅದನ್ನು ಕಲಿಯುವುದಕ್ಕೇ ಇಡೀ ಕೋರ್ಸು ಬೇಕಾಗುತ್ತದೆ.

ಒಂದು ಸಣ್ಣ ಕೆಲಸ ಮಾಡಿ. ಕೂತಲ್ಲೇ ಬಾಯಿ ಬಿಟ್ಟು ಹೇಳಿ: ತ. ಈಗ ಟ. ಎರಡೂ ಬೇರೆ ಬೇರೆ ಅನ್ನುವುದರಲ್ಲಿ ನಿಮಗೆ ಅನುಮಾನವೇ ಇಲ್ಲ, ಅಲ್ವಾ? ಇಂಗ್ಲಿಷ್ ಒಂದನ್ನೇ ಕೇಳಿ ಬೆಳೆದ ದೊಡ್ಡವರಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟ. ಹಾಗಾದರೆ ಅವರ ಮಕ್ಕಳಿಗೆ? ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇದನ್ನೇ ಪರೀಕ್ಷೆ ಮಾಡಿ 1984ರಲ್ಲಿ ಪ್ರಕಟಿಸಿದರು. ಹಿಂದಿಯ ತ ಮತ್ತು ಟ ಸದ್ದುಗಳನ್ನು ತೆಗೆದುಕೊಂಡರು. ಮಾತು ಬಾರದ ಕೂಸನ್ನು ಕೇಳುವುದು ಹೇಗೆ? ಸದ್ದು ಬದಲಾದಾಗ ಕೂಸು ತಲೆ ತಿರುಗಿಸಿದರೆ ಪಕ್ಕದಲ್ಲಿ ಒಂದು ಆಟಿಕೆಗೆ ದೀಪ ಹತ್ತಿ ಅದು ಕುಣಿಯುತ್ತದೆ, ಸುಮ್ಮಸುಮ್ಮನೆ ತಿರುಗಿಸಿದರೆ ಏನೂ ಇಲ್ಲ. 6ರಿಂದ 8 ತಿಂಗಳ ಇಂಗ್ಲಿಷ್ ಮನೆಯ ಕೂಸುಗಳು ವ್ಯತ್ಯಾಸ ಹಿಡಿದವು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಆಗಲಿಲ್ಲ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ, ಸುತ್ತಲಿನ ಮಾತಿಗೆ ಬೇಡದ ಭೇದವನ್ನು ಕಿವಿ ಬದಿಗೆ ಸರಿಸಿಬಿಟ್ಟಿರುತ್ತದೆ. ಕಲಿಯುವುದು ಅಂದರೆ ಸೇರಿಸಿಕೊಳ್ಳುವುದು ಅಂದುಕೊಂಡಿರುತ್ತೇವೆ. ಇಲ್ಲಿ ಕೈಬಿಡುವುದೂ ಕಲಿಕೆಯೇ.

ಇನ್ನೊಂದು. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಜನರ ತಲೆಗೆ ಎಲೆಕ್ಟ್ರೋಡ್ ಹಚ್ಚಿ ಇಂಗ್ಲಿಷ್ ವಾಕ್ಯ ಓದಿಸಿದರು. ಬಿಸಿ ಬ್ರೆಡ್ಡಿನ ಮೇಲೆ ಅವನು ಸವರಿದ್ದು ಏನು? ಬೆಣ್ಣೆ ಬರಬೇಕಾದ ಕಡೆ ಕಾಲುಚೀಲ ಅಂತ ಬಂತು. ಆ ಪದ ಕಂಡು ಸುಮಾರು 400 ಮಿಲಿಸೆಕೆಂಡಿಗೆ, ಅಂದರೆ ಅರ್ಧ ಸೆಕೆಂಡೂ ಆಗುವ ಮೊದಲೇ, ಮಿದುಳಿನ ವಿದ್ಯುತ್ ಅಲೆಯಲ್ಲಿ ಒಂದು ದೊಡ್ಡ ಏರಿಳಿತ ಕಾಣಿಸಿತು. ಎನ್400 ಅಂತ ಅದರ ಹೆಸರು, ಇವತ್ತಿಗೂ ಈ ಕ್ಷೇತ್ರದ ನಿತ್ಯದ ಮಾತು. ಆದರೆ ಸ್ವಲ್ಪ ನಿಲ್ಲಿ. ಇಂಗ್ಲಿಷಿನಲ್ಲಿ ಸವರಿದ ಅನ್ನುವುದು ಮೊದಲೇ ಬಂದಿರುತ್ತದೆ, ಹಾಗಾಗಿ ಕಾಲುಚೀಲ ಅಂದ ತಕ್ಷಣ ಎಡವಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಬಿಸಿ ಬ್ರೆಡ್ಡಿನ ಮೇಲೆ ಕಾಲುಚೀಲ, ಇಲ್ಲಿಯವರೆಗೆ ಏನೂ ಕೆಟ್ಟಿಲ್ಲ. ಬಿತ್ತು ಅಂತಲೋ ಇತ್ತು ಅಂತಲೋ ಮುಗಿಯಬಹುದಿತ್ತು. ಸವರಿದ ಅಂದಾಗಲೇ ಕೆಡುವುದು. ಹಾಗಾದರೆ ನಮ್ಮ ಮಿದುಳು ಕೊನೆಯವರೆಗೆ ಕಾಯುತ್ತದೆಯೋ, ಅಥವಾ ಕಾಲುಚೀಲ ಕಂಡಾಗಲೇ ಇದೇನೋ ಸರಿಯಿಲ್ಲ ಅಂದುಕೊಳ್ಳುತ್ತದೆಯೋ? ನೋಡಿ, ಭಾಷೆ ಇಷ್ಟ ಅನ್ನುವುದು ಈಗ ಪ್ರಶ್ನೆಯಾಯಿತು.

ನನಗೆ ಬಹಳ ಹಿಡಿಸಿದ ಪ್ರಯೋಗ ಮಾತ್ರ ಕನ್ನಡದ ಮಕ್ಕಳ ಮೇಲೇ ಆಗಿದ್ದು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಅನ್ನುವ ಸಂಶೋಧಕರು 2003ರಲ್ಲಿ ಪ್ರಕಟಿಸಿದ್ದು. ನಮ್ಮಲ್ಲಿ ಓಡು, ಓಡಿಸು, ಏರು, ಏರಿಸು ಅಂತ ಇದೆಯಲ್ಲ, ಆ ಇಸು ಬಂದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸುತ್ತಿದ್ದಾರೆ ಅಂತ ಅರ್ಥ. ಇಷ್ಟು ಸ್ಪಷ್ಟ ಗುರುತು ಇರುವಾಗ ಮಗು ಅದನ್ನೇ ಹಿಡಿದುಕೊಳ್ಳುತ್ತದೆ ಅಂತ ಯಾರಾದರೂ ಹೇಳುತ್ತಾರೆ, ನಾನೂ ಹಾಗೇ ಹೇಳಿದ್ದೆ. ಅವರು ಇಸು ಹಾಕಿಯೂ ಹಾಕದೆಯೂ, ನಾಮಪದ ಒಂದಿಟ್ಟೂ ಎರಡಿಟ್ಟೂ ವಾಕ್ಯ ಮಾಡಿ, ಮೂರು ವರ್ಷದ ಮಕ್ಕಳಿಗೆ ಆಟಿಕೆ ಕೊಟ್ಟು ಅಭಿನಯಿಸಿ ತೋರಿಸಲು ಹೇಳಿದರು. ಆನೆ ಕುದುರೆಯನ್ನು ಓಡಿತು ಅನ್ನುವಂಥ, ನಮಗೆ ಕಿವಿಗೆ ಚುಚ್ಚುವ ವಾಕ್ಯಗಳೂ ಇದ್ದವು ಅಂತ ಇಟ್ಟುಕೊಳ್ಳಿ. ಮಕ್ಕಳು ಇಸು ಕಡೆ ಗಮನ ಕೊಡಲಿಲ್ಲ, ಎಷ್ಟು ನಾಮಪದ ಇದೆ ಅಂತ ನೋಡಿದರು. ಎರಡಿದ್ದರೆ ಒಂದು ಇನ್ನೊಂದರಿಂದ ಮಾಡಿಸಿತು, ಒಂದಿದ್ದರೆ ತಾನೇ ಮಾಡಿತು. ಇಸುವನ್ನು ಲೆಕ್ಕಕ್ಕೆ ತೆಗೆದುಕೊಂಡವರು ದೊಡ್ಡವರು. ಇದು ಹುಟ್ಟಿನಿಂದ ಬಂದದ್ದೋ, ಕೇಳಿ ಬಂದದ್ದೋ ಅನ್ನುವ ಜಗಳ ಬೇರೆ ಇದೆ, ಆ ಜಗಳ ಸದ್ಯಕ್ಕೆ ಮುಗಿಯುವಂಥದ್ದಲ್ಲ.

ಇಂಥ ಪ್ರಶ್ನೆಗೆ ಒಂದೇ ವಿಭಾಗದವರು ಸಾಲುವುದಿಲ್ಲ. 1956ರ ಸೆಪ್ಟೆಂಬರ್ 11ರಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಸಭೆಯಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್, ಕಂಪ್ಯೂಟರ್ ಕಡೆಯ ನ್ಯೂವೆಲ್ ಮತ್ತು ಸೈಮನ್, ಭಾಷಾವಿಜ್ಞಾನಿ ಚಾಮ್‌ಸ್ಕಿ ಎಲ್ಲರೂ ಮಾತಾಡಿದರು. ಈ ವಿಜ್ಞಾನ ಹುಟ್ಟಿದ ದಿನ ಅದೇ ಅಂತ ಮಿಲ್ಲರ್ ಆಮೇಲೆ ಹೇಳಿದರು. ಹೀಗಾಗಿ ತರಗತಿಯಲ್ಲಿ ಪಕ್ಕದವರು ಎಂಜಿನಿಯರ್ ಇರಬಹುದು, ತತ್ವಶಾಸ್ತ್ರದವರು ಇರಬಹುದು, ಸಾಹಿತ್ಯದಿಂದ ಬಂದವರೂ ಇರಬಹುದು. ಒಬ್ಬೊಬ್ಬರಿಗೂ ಒಂದೊಂದು ವಿಷಯದಲ್ಲಿ ತಲೆಬಿಸಿ. ಸಾಹಿತ್ಯದವರಿಗೆ ಸ್ಟ್ಯಾಟಿಸ್ಟಿಕ್ಸ್, ಎಂಜಿನಿಯರಿಗೆ ವ್ಯಾಕರಣ. ಆರ್ ಅಥವಾ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಕಲಿತು ಹೋದರೆ ಮೊದಲ ಸೆಮಿಸ್ಟರ್ ಹಗುರ. ಈಗ ಅದು ಜಾಸ್ತಿ ಬೇಕು ಕೂಡ, ಯಾಕೆಂದರೆ ಮುಂದಿನ ಪದ ಎಷ್ಟು ಅನಿರೀಕ್ಷಿತ ಅಂತ ಕಂಪ್ಯೂಟರಿನ ಭಾಷಾ ಮಾದರಿಯಿಂದ ಲೆಕ್ಕ ಹಾಕಿ ಅದನ್ನು ಮನುಷ್ಯ ಓದುವ ವೇಗದ ಜೊತೆ ಹೋಲಿಸುವ ಕೆಲಸ ಬಹಳ ನಡೆಯುತ್ತಿದೆ.

ಅರ್ಜಿಯಲ್ಲಿ ಚಿಕ್ಕಂದಿನಿಂದಲೂ ಪದಗಳ ಮೋಹ ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಒಂದು ಪ್ರಶ್ನೆ ಬರೆಯಿರಿ. ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಆಗುವವರ ಈಚಿನ ಕೆಲಸ ನೋಡಿ. ಮುಂದೆ ಪಿಎಚ್‌ಡಿ ಆಸೆ ಇದ್ದರೆ ಸಂಶೋಧನಾ ಪ್ರಬಂಧ ಇರುವ ಕೋರ್ಸನ್ನೇ ಆರಿಸಿ. ಇನ್ನೊಂದು ವಿಷಯ, ಇದನ್ನು ಓದಿದ ಮಾತ್ರಕ್ಕೆ ಸ್ಪೀಚ್ ಥೆರಪಿಸ್ಟ್ ಆಗುವುದಿಲ್ಲ, ಅದಕ್ಕೆ ಬೇರೆ ತರಬೇತಿ ಬೇಕು.

ನನ್ನ ಕಥೆ ಹೇಳಿ ಮುಗಿಸುತ್ತೇನೆ. ನನ್ನ ಕೋರ್ಸಿನ ಪ್ರಬಂಧಕ್ಕೆ, ಭಾವನೆಯ ಪದಗಳನ್ನು ಜನ ಬೇಗ ಗುರುತಿಸುತ್ತಾರೆ ಅಂತ ತೋರಿಸಬೇಕಿತ್ತು. ಪರದೆಯ ಮೇಲೆ ಅಕ್ಷರಗಳು ಬರುತ್ತವೆ, ಇದು ನಿಜವಾದ ಪದ ಹೌದೋ ಅಲ್ಲವೋ ಅಂತ ಗುಂಡಿ ಒತ್ತಬೇಕು. ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಗೈಡ್ ಮೇಡಂ ಪದಗಳ ಪಟ್ಟಿ ತರಿಸಿಕೊಂಡು ಓದಿದರು. ಪ್ರೀತಿ, ಸಿಟ್ಟು, ಭಯ, ದುಃಖ. ಆಮೇಲೆ ಹೋಲಿಕೆಗೆ ಇಟ್ಟ, ಭಾವನೆಯಿಲ್ಲದ ಪದಗಳು: ಗಡಿಯಾರ, ಕನ್ನಡಕ, ಮೊಳಕಾಲು. ಓದಿ ನನ್ನ ಮುಖ ನೋಡಿದರು. "ನೀನು ಅಳೆದಿದ್ದು ಭಾವನೆನಾ, ಉದ್ದನಾ?"

ಎರಡಕ್ಷರದ ಪದ ನಾಲ್ಕಕ್ಷರದ್ದಕ್ಕಿಂತ ಬೇಗ ಓದಿಸಿಕೊಂಡರೆ ಅದರಲ್ಲಿ ಆಶ್ಚರ್ಯ ಏನಿದೆ? ಮೂರು ತಿಂಗಳ ಕೆಲಸ ಅಲ್ಲಿಗೆ ಹೋಯಿತು. ಉದ್ದ ಸರಿದೂಗಿಸಿ, ಬಳಕೆ ಎಷ್ಟು ಅನ್ನುವುದನ್ನೂ ಸರಿದೂಗಿಸಿ ಹೊಸ ಪಟ್ಟಿ ಮಾಡಿ, ಮತ್ತೆ ಜನರನ್ನು ಕೂರಿಸಿ, ಮತ್ತೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಅಳೆದೆ. ಈ ಸಲ ವ್ಯತ್ಯಾಸ ಕಾಣಲಿಲ್ಲ. ಕಾಣಲಿಲ್ಲ ಅನ್ನುವುದೂ ಇಲ್ಲ ಅನ್ನುವುದೂ ಒಂದೇ ಅಲ್ಲ ಅಂತ ಮೇಡಂ ಅದಕ್ಕೂ ಒಂದು ಪುಟ ಬರೆಸಿದರು. ಪ್ರಬಂಧ ಪಾಸಾಯಿತು. ಶೀರ್ಷಿಕೆ ಮಾತ್ರ ಬದಲಾಯಿಸಬೇಕಾಯಿತು. ನಮಸ್ಕಾರ.