ಹೋದ ಕಡೆ ಕೂತುಕೊಳ್ಳಿ: ಸಿಖ್ಖರ ಪುಣ್ಯಕ್ಷೇತ್ರಗಳ ಯಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಖ್ಖರ ಪುಣ್ಯಕ್ಷೇತ್ರಗಳಿಗೆ ಹೋಗಿ ಬರಬೇಕು ಅನ್ನುವವರಿಗೆ ನಾಲ್ಕು ಮಾತು ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾಲ್ಕು ಯಾಕೆ, ಒಂದೇ ಮಾತು ಹೇಳುತ್ತೇನೆ. ಹೋದ ಕಡೆ ಕೂತುಕೊಳ್ಳಿ. ಅಷ್ಟು ಮಾಡಿದರೆ ಸಾಕು.

ನಮ್ಮ ಕಡೆಯಿಂದ ಹೊರಡುವ ಟೂರು ಬಸ್ಸುಗಳ ಪಟ್ಟಿ ನೋಡಿದ್ದೀರಲ್ವಾ? ಹರಿದ್ವಾರ, ಹೃಷಿಕೇಶ, ವೈಷ್ಣೋದೇವಿ. ನಡುವೆ ಅಮೃತಸರಕ್ಕೆ ಅರ್ಧ ದಿನ. ಆ ಅರ್ಧ ದಿನದಲ್ಲೇ ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್, ಅಟಾರಿ ಗಡಿಯ ಕವಾಯತು, ಮೇಲಿಂದ ಸ್ವೆಟರ್ ಖರೀದಿ. ಜನ ಓಡಿ ಹೋಗುತ್ತಾರೆ, ಕೊಳದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಓಡಿ ಬರುತ್ತಾರೆ. ಹೇಗಿತ್ತು ಅಂತ ಕೇಳಿದರೆ "ಅಬ್ಬಾ, ಎಷ್ಟು ಬಂಗಾರ!" ಅನ್ನುತ್ತಾರೆ. ಬಂಗಾರ ನೋಡೋಕೆ ಅಷ್ಟು ದೂರ ಹೋಗಬೇಕಾ? ಊರಿನ ಸರಾಫ್ ಬಜಾರಿನಲ್ಲೇ ಇದೆ.

ಆ ಬಂಗಾರ ಆಮೇಲೆ ಬಂದದ್ದು. ಮಹಾರಾಜಾ ರಣಜಿತ್ ಸಿಂಗ್ ಹತ್ತೊಂಬತ್ತನೇ ಶತಮಾನದಲ್ಲಿ ಹೊದಿಸಿದ್ದು. ಮಂದಿರಕ್ಕೆ ಬುನಾದಿ ಬಿದ್ದದ್ದು 1588ರ ಸುಮಾರಿಗೆ, ಐದನೇ ಗುರು ಅರ್ಜನ್ ದೇವ್ ಅವರ ಕಾಲದಲ್ಲಿ. 1604ರಲ್ಲಿ ಅವರೇ ಸಿಖ್ಖರ ಧರ್ಮಗ್ರಂಥವನ್ನು ಅಲ್ಲಿ ತಂದಿಟ್ಟರು. ಬಂಗಾರ ಇಲ್ಲದೆ ಎರಡು ಶತಮಾನಕ್ಕಿಂತ ಜಾಸ್ತಿ ಕಾಲ ಆ ಜಾಗ ನಡೆದಿದೆ. ಅದು ನೆನಪಿರಲಿ.

ಈಗ ಯಾತ್ರೆ ಎಲ್ಲಿಂದ ಶುರು ಮಾಡಬೇಕು? ಪಂಜಾಬಿನಿಂದ ಅನ್ನುತ್ತೀರಿ. ನಾನು ಬೀದರಿನಿಂದ ಅನ್ನುತ್ತೇನೆ.

ಬೀದರಿನಲ್ಲಿ ನಾನಕ್ ಝೀರಾ ಇದೆ. ಗುರು ನಾನಕರು ದಕ್ಷಿಣದ ಕಡೆ ತಿರುಗುತ್ತಾ ಬಂದಾಗ ಇಲ್ಲಿ ಕುಡಿಯುವ ನೀರಿಗೆ ತತ್ವಾರ ಇತ್ತಂತೆ. ಜನ ಬಂದು ಹೇಳಿಕೊಂಡರು. ಗುರುಗಳು ಕಾಲಿನಿಂದ ಒಂದು ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು. ಇದು ಭಕ್ತರ ನಂಬಿಕೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಸಂದಿಯಿಂದ ಆ ನೀರು ಇವತ್ತಿಗೂ ಬರುತ್ತಿದೆ. ಜನ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ನೀವೂ ತುಂಬಿಕೊಳ್ಳಿ, ಆದರೆ ಅದಕ್ಕೆ ಮೊದಲು ಸ್ವಲ್ಪ ಹೊತ್ತು ಅಲ್ಲಿ ಕೂತುಕೊಳ್ಳಿ.

ಬೀದರಿನ ಇನ್ನೊಂದು ಕಥೆ ನಮ್ಮವರಿಗೆ ಜಾಸ್ತಿ ಗೊತ್ತಿಲ್ಲ. ಅದು ಗೊತ್ತಿಲ್ಲದೆ ಪಂಜಾಬಿಗೆ ಹೋಗಬಾರದು. 1699ರ ವೈಶಾಖಿ ಹಬ್ಬ. ಪಂಜಾಬಿನ ಆನಂದಪುರದಲ್ಲಿ ಜನಸಾಗರ. ಹತ್ತನೇ ಗುರು ಗೋವಿಂದ ಸಿಂಗ್ ಕತ್ತಿ ಹಿರಿದು ನಿಂತು, "ನನಗೊಂದು ತಲೆ ಬೇಕು, ಯಾರು ಕೊಡುತ್ತೀರಿ?" ಅಂತ ಕೇಳಿದರು. ಒಬ್ಬ ಎದ್ದ. ಆಮೇಲೆ ಮತ್ತೊಬ್ಬ. ಹೀಗೆ ಐದು ಜನ. ತಲೆ ಕೇಳಿದ್ದು ಅವರ ಧೈರ್ಯ ನೋಡೋಕೆ. ಲಾಹೋರಿನವನು ಒಬ್ಬ, ಹಸ್ತಿನಾಪುರದವನು ಒಬ್ಬ, ಪುರಿ ಜಗನ್ನಾಥದವನು ಒಬ್ಬ, ದ್ವಾರಕೆಯವನು ಒಬ್ಬ. ಇನ್ನೊಬ್ಬ ನಮ್ಮ ಬೀದರಿನ ಕ್ಷೌರಿಕ, ಸಾಹಿಬ್ ಚಂದ್! ಕಬ್ಬಿಣದ ಬಟ್ಟಲಿನಲ್ಲಿ ನೀರಿಗೆ ಬತ್ತಾಸು ಹಾಕಿ, ಖಡ್ಗದಲ್ಲಿ ಕದಡಿ, ಗುರುಗಳು ಅದನ್ನೇ ದೀಕ್ಷೆಯ ಅಮೃತ ಅಂತ ಐವರಿಗೂ ಕುಡಿಸಿದರು. ಆಮೇಲೆ ಗುರುಗಳೇ ಕೈಮುಗಿದು, ಈಗ ನನಗೆ ನೀವು ಕುಡಿಸಿ ಅಂದರು. ಗುರುವಿಗೆ ದೀಕ್ಷೆ ಕೊಟ್ಟ ಐದು ಕೈಗಳಲ್ಲಿ ಒಂದು ಬೀದರಿನ ಕೈ. ಸಾಹಿಬ್ ಚಂದ್ ಅವತ್ತು ಸಾಹಿಬ್ ಸಿಂಗ್ ಆದ. ಮುಂದೆ ಚಮಕೌರ್ ಕಾಳಗದಲ್ಲಿ ಪ್ರಾಣ ಕೊಟ್ಟ. ಇವತ್ತಿಗೂ ಜಗತ್ತಿನ ಯಾವ ಗುರುದ್ವಾರಕ್ಕೆ ಹೋದರೂ ಅರ್ದಾಸ್ ಪ್ರಾರ್ಥನೆಯಲ್ಲಿ ಆ ಐವರನ್ನು ನೆನೆಯುತ್ತಾರೆ. ಮುಂದಿನ ಸಲ ಅದನ್ನು ಕೇಳುವಾಗ ಕಿವಿ ಕೊಡಿ.

ಬೀದರಿನಿಂದ ಉದಗೀರ್ ಮೇಲೆ ಹಾದು ನಾಂದೇಡಿಗೆ ಹೋಗಬಹುದು. ಗೋದಾವರಿ ದಡದ ಊರು. 1708ರಲ್ಲಿ ಗುರು ಗೋವಿಂದ ಸಿಂಗ್ ಕಣ್ಣು ಮುಚ್ಚಿದ್ದು ಇಲ್ಲೇ. ನನ್ನ ನಂತರ ಮನುಷ್ಯರು ಗುರುವಾಗುವುದು ಬೇಡ, ಗ್ರಂಥವೇ ಗುರು ಅಂತ ಅವರು ಹೇಳಿದ್ದೂ ಇಲ್ಲೇ. ಸಿಖ್ಖರಿಗೆ ಐದು ತಖ್ತ್‌ಗಳಿವೆ, ಅಂದರೆ ಧರ್ಮದ ಐದು ಪೀಠಗಳು. ನಾಂದೇಡಿನ ಹಜೂರ್ ಸಾಹಿಬ್ ಅವುಗಳಲ್ಲಿ ಒಂದು. ನಮ್ಮ ಗಡಿಗೆ ಇಷ್ಟು ಹತ್ತಿರ ಇದ್ದರೂ ಎಷ್ಟೋ ಜನ ನೋಡಿಲ್ಲ. ಸಂಜೆ ಹೊತ್ತಿಗೆ ಹೋಗಿ. ಆರತಿ ಆಗುತ್ತದೆ, ಗುರುಗಳ ಆಯುಧಗಳನ್ನು ಹೊರತೆಗೆದು ತೋರಿಸುತ್ತಾರೆ. ಮುಂದೆ ಹೋಗಿ ಕೂತುಕೊಳ್ಳಿ.

ಇನ್ನು ಅಮೃತಸರ.

ನಾವು ಸ್ವರ್ಣಮಂದಿರ ಅನ್ನುವ ಹರಮಂದಿರ ಸಾಹಿಬ್‌ಗೆ ನಾಲ್ಕು ದಿಕ್ಕಿಗೂ ಬಾಗಿಲು. ಹೊರಗಿನಿಂದ ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಒಳಗಿಂದ ಬೆಳಗಿನ ಜಾವ ಶುರುವಾದ ಕೀರ್ತನೆ ರಾತ್ರಿವರೆಗೂ ಕೇಳುತ್ತಿರುತ್ತದೆ. ಅಲ್ಲಿ ಹಾಡುವುದು ಗ್ರಂಥದ ಪದಗಳನ್ನೇ, ರಾಗಕ್ಕೆ ಹೊಂದಿಸಿ. ಆ ಗ್ರಂಥದಲ್ಲಿ ಸಿಖ್ ಗುರುಗಳ ಪದಗಳು ಮಾತ್ರ ಇಲ್ಲ. ನೇಕಾರ ಕಬೀರನ ಪದಗಳಿವೆ, ಚಮ್ಮಾರ ರವಿದಾಸನ ಪದಗಳಿವೆ, ಮುಸ್ಲಿಂ ಸಂತ ಫರೀದನ ಪದಗಳಿವೆ. ಪ್ರತಿ ವರ್ಷ ಪಂಢರಪುರಕ್ಕೆ ಹೋಗುವ ನಮ್ಮ ಮಂದಿ ಇದನ್ನು ಕೇಳಿ: ನಿಮ್ಮ ನಾಮದೇವರ 61 ಪದಗಳು ಅದರಲ್ಲಿವೆ. ಭಾಷೆ ತಿಳಿಯದಿದ್ದರೂ ನಡೆಯುತ್ತದೆ. ಕೊಳದ ಸುತ್ತಲಿನ ಅಮೃತಶಿಲೆ ಹಾಸಿನ ಮೇಲೆ ಸುಮ್ನೆ ಒಂದು ಗಂಟೆ ಕೂತುಕೊಳ್ಳಿ. ಮೊಬೈಲು ಚೀಲದಲ್ಲಿರಲಿ.

ಇಲ್ಲೊಂದು ಪ್ರಸಂಗ ಹೇಳಲೇಬೇಕು. ನಮ್ಮ ಕಡೆಯ ಒಂದು ತಂಡದ ಜೊತೆ ಹೋಗಿದ್ದೆ. ಅದರಲ್ಲಿ ಭಾಲ್ಕಿ ಕಡೆಯ ಒಬ್ಬ ಹಿರಿಯವ್ವ. ಊರು ಬಿಟ್ಟಾಗಿನಿಂದ ಹೊರಗಿನ ಊಟ ಮುಟ್ಟಿದವರಲ್ಲ. ಕೈಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಮೂರು ಹೊತ್ತೂ ಅದೇ. ಗುರುದ್ವಾರದ ಪಂಕ್ತಿ ಊಟಕ್ಕೆ ಲಂಗರ್ ಅನ್ನುತ್ತಾರೆ. ಲಂಗರ್‌ಗೆ ಬನ್ನಿ ಅವ್ವಾ ಅಂದರೆ, "ಯಾರು ಮಾಡಿದ್ದೋ ಏನೋ, ನನಗ ಬ್ಯಾಡ್ರಿ" ಅಂದರು. ನಾನೂ ಬಿಡಲಿಲ್ಲ. ದಾಸೋಹದ ನಾಡಿನಿಂದ ಬಂದು ಪಂಕ್ತಿಗೆ ಬೆನ್ನು ತೋರಿಸುತ್ತೀರಾ, ಬಸವಣ್ಣನ ಕಲ್ಯಾಣ ನಿಮ್ಮೂರಿಗೆ ಎಷ್ಟು ದೂರ ಅಂತ ಕೇಳಿದೆ. ಅವ್ವ ಮುಖ ಊದಿಸಿಕೊಂಡೇ ಬಂದರು.

ಉದ್ದನೆಯ ಚಾಪೆ. ಮುಂದೆ ಸ್ಟೀಲಿನ ತಟ್ಟೆ. ಅವ್ವನ ಎಡಕ್ಕೆ ಗಾರೆ ಕೆಲಸದವನು, ಕಾಲಿಗೆ ಇನ್ನೂ ಸಿಮೆಂಟು ಮೆತ್ತಿತ್ತು. ಬಲಕ್ಕೆ ಕೈತುಂಬ ಬಳೆ ಹಾಕಿಕೊಂಡಿದ್ದ ಮದುಮಗಳು. ಬಕೆಟ್ಟಿನಲ್ಲಿ ದಾಲ್ ತಂದರು, ಖೀರು ತಂದರು. ರೊಟ್ಟಿಗೆ ಎರಡೂ ಕೈ ಒಡ್ಡಬೇಕು, ಆಗಲೇ ಹಾಕುವುದು. ಅವ್ವ ಒಂದೇ ಕೈ ಚಾಚಿದರು. ಬಡಿಸುವ ಹುಡುಗ ನಗುತ್ತಾ ಕಾದು ನಿಂತ. ಇನ್ನೊಂದು ಕೈಯೂ ಬಂತು. ಒಂದು ತುತ್ತು ತಿಂದರು, ಎರಡು ತಿಂದರು, ಆಮೇಲೆ ತಟ್ಟೆ ಒರೆಸಿದರು.

ಊಟ ಮುಗಿಯಿತು, ಹೊರಗೆ ಬಂದೆವು, ಅವ್ವ ಇಲ್ಲ! ಹುಡುಕಿದರೆ ಅಡುಗೆಯ ಕಡೆ ಸಿಕ್ಕರು. ರೊಟ್ಟಿ ಲಟ್ಟಿಸುವ ಹೆಂಗಸರ ಸಾಲಿನಲ್ಲಿ ಕೂತಿದ್ದರು. ಮಂಡಿ ನೋವು, ನೆಲಕ್ಕೆ ಕೂರೋಕೆ ಆಗಲ್ಲ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದವರು ಅವರೇ. ಲಟ್ಟಣಿಗೆ ಪಕ್ಕಕ್ಕಿಟ್ಟಿದ್ದಾರೆ, ಗೋಧಿ ಹಿಟ್ಟಿನ ಉಂಡೆಯನ್ನು ಜೋಳದ ರೊಟ್ಟಿ ಬಡಿದ ಹಾಗೆ ಪಟಪಟ ಬಡಿಯುತ್ತಿದ್ದಾರೆ. ಮೊದಲನೆಯದು ಕೈಗೆ ಅಂಟಿ ಹರಿಯಿತು. ಹಿಟ್ಟು ಉದುರಿಸಿಕೊಂಡು ಮತ್ತೆ ಬಡಿದರು. ಮೂರನೆಯದು ದುಂಡಗೆ ಬಂತು. ಸಾಲಿನ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದಾರೆ. ಎದುರಿಗೆ ಅವ್ವನ ವಯಸ್ಸಿನ ಒಬ್ಬ ಸರ್ದಾರಣಿ, ತಾನೂ ಬಡಿಯೋಕೆ ಹೋಗಿ ಒಂದು ಮೂಲೆ ದಪ್ಪ, ಒಂದು ಮೂಲೆ ತೆಳ್ಳಗೆ ಮಾಡಿದರು. ಅವ್ವ ಅವರ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸಿದರು. ಇವರು ಕನ್ನಡ, ಅವರು ಪಂಜಾಬಿ. ಇಬ್ಬರೂ ನಿಲ್ಲಿಸದೆ ಮಾತಾಡುತ್ತಿದ್ದಾರೆ. ನನಗೆ ಕೇಳಿಸಿದ ಮಟ್ಟಿಗೆ, ನಮ್ಮವರ ಕಡೆಯದು ಪೂರ್ತಿ ಸೊಸೆಯ ವಿಷಯ.

ಅಷ್ಟರಲ್ಲಿ ಬಸ್ಸಿನವರ ಫೋನು. ಗಡಿಗೆ ಹೊರಡಬೇಕು, ತಡವಾದರೆ ಜಾಗ ಸಿಗಲ್ಲ. "ಏಳಿ ಅವ್ವಾ" ಅಂದೆ. ತಲೆ ಎತ್ತಲಿಲ್ಲ. "ಬಾರ್ಡರ್ ಎಲ್ಲಿ ಹೋಗ್ತದ್ರಿ, ನಾಳಿಗೂ ಅಲ್ಲೇ ಇರ್ತದ. ಈ ಹಿಟ್ಟು ಮುಗೀಲಿ." ಅದು ದಿನಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಉಣ್ಣುವ ಅಡುಗೆಮನೆ. ಹಗಲು ರಾತ್ರಿ ನಡೆಯುತ್ತದೆ. ಅಲ್ಲಿ ಹಿಟ್ಟು ಯಾವತ್ತು ಮುಗಿಯಬೇಕು ಹೇಳಿ? ಬಸ್ಸು ಹೋಯಿತು. ಅವ್ವನ ಜೊತೆ ಇನ್ನೂ ಕೆಲವು ಹೆಂಗಸರು ಉಳಿದರು. ನಾನು ಬೆಳ್ಳುಳ್ಳಿ ರಾಶಿಯ ಮುಂದೆ ಕೂತು ಸುಲಿದೆ. ಗಡಿಗೆ ಹೋದವರು ರಾತ್ರಿ ಬಂದು, ಜನಜಂಗುಳಿಯಲ್ಲಿ ಮುಂದಿನವರ ತಲೆ ಬಿಟ್ಟು ಬೇರೇನೂ ಕಾಣಲಿಲ್ಲ ಅಂದರು. ನಾನು ಏನೂ ಅನ್ನಲಿಲ್ಲ. ಆದರೆ ಒಳಗೊಳಗೇ ಖುಷಿಯಾಯಿತು.

ಅದಕ್ಕೇ ಹೇಳುವುದು, ಕೂತುಕೊಳ್ಳಿ. ಪಂಕ್ತಿಯಲ್ಲಿ ಕೂತು ಊಟ ಮಾಡಿ, ಎದ್ದ ಮೇಲೆ ಅಲ್ಲೇ ಒಂದು ಕೆಲಸ ಹಿಡಿದು ಮತ್ತೆ ಕೂತುಕೊಳ್ಳಿ. ಪಾತ್ರೆ ತೊಳೆಯಿರಿ, ಈರುಳ್ಳಿ ಹೆಚ್ಚಿ, ಚಪ್ಪಲಿ ಕಾಯುವ ಜೋಡಾಘರದಲ್ಲಿ ನಿಲ್ಲಿ. ಯಾರನ್ನೂ ಅಪ್ಪಣೆ ಕೇಳಬೇಕಾಗಿಲ್ಲ. ಹೆಸರು, ಜಾತಿ, ಊರು ಯಾರೂ ವಿಚಾರಿಸುವುದಿಲ್ಲ. ಮೂರನೇ ಗುರು ಅಮರದಾಸರು ಗೋಯಿಂದ್‌ವಾಲ್‌ನಲ್ಲಿ ಇಟ್ಟ ನಿಯಮ ಏನು? ನನ್ನನ್ನು ನೋಡಬೇಕಾದರೆ ಮೊದಲು ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಅಕ್ಬರ್ ಬಾದಶಹ ಬಂದಾಗಲೂ ಹಾಗೇ ಕೂತು ಉಂಡ ಅಂತ ಸಿಖ್ಖರು ಹೇಳುತ್ತಾರೆ. ಬಾದಶಹನೇ ಕೂತ ಮೇಲೆ ನಿಮ್ಮ ಬಸ್ಸಿನವರಿಗೆ ಏನು ಅವಸರ?

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಮೃತಸರದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಯಾತ್ರಿಕರಿಗೆ ಉಳಿದುಕೊಳ್ಳೋಕೆ ಛತ್ರಗಳಿವೆ. ರಾತ್ರಿ ಗ್ರಂಥವನ್ನು ಪಲ್ಲಕ್ಕಿಯಲ್ಲಿ ಎದುರಿಗೇ ಇರುವ ಅಕಾಲ್ ತಖ್ತ್‌ಗೆ, ಐದು ತಖ್ತ್‌ಗಳಲ್ಲಿ ಅದೂ ಒಂದು, ಒಯ್ಯುತ್ತಾರೆ, ನಸುಕಿನಲ್ಲಿ ಮತ್ತೆ ಹರಮಂದಿರಕ್ಕೆ ತರುತ್ತಾರೆ. ಹೊತ್ತು ಕಾಲಕಾಲಕ್ಕೆ ಬದಲಾಗುತ್ತದೆ, ಅಲ್ಲೇ ವಿಚಾರಿಸಿ. ಆನಂದಪುರಕ್ಕೆ ಹೋಗಿ, ಕೇಶಗಢ ಸಾಹಿಬ್ ನೋಡಿ. ಬೀದರಿನವನು ಎದ್ದು ನಿಂತ ಜಾಗ ಅದು. ಅಲ್ಲಿಂದ ಫತೇಗಢ ಸಾಹಿಬ್. ಗುರು ಗೋವಿಂದ ಸಿಂಗರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಗೋಡೆಯಲ್ಲಿಟ್ಟು ಕಟ್ಟಿಸಿದ ಊರು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಬಟಿಂಡಾ ಕಡೆ ಹೋದರೆ ದಮ್‌ದಮಾ ಸಾಹಿಬ್, ಅದೂ ಒಂದು ತಖ್ತ್. ಕಾಶಿ ಗಯೆಗೆ ಹೋಗುವವರು ಪಾಟ್ನಾ ಸಾಹಿಬ್ ಸೇರಿಸಿಕೊಳ್ಳಿ, ಗುರು ಗೋವಿಂದ ಸಿಂಗ್ ಹುಟ್ಟಿದ ಊರು. ದೆಹಲಿಯಲ್ಲಿ ಚಾಂದನಿ ಚೌಕದ ಸೀಸ್‌ಗಂಜ್ ಗುರುದ್ವಾರ ತಪ್ಪಿಸಬೇಡಿ. ಒಂಬತ್ತನೇ ಗುರು ತೇಗ್ ಬಹಾದೂರರ ತಲೆ ತೆಗೆದದ್ದು ಅಲ್ಲೇ, 1675ರಲ್ಲಿ. ಹೊರಗೆ ಅಷ್ಟು ಗದ್ದಲ, ಒಳಗೆ ಹೋಗಿ ಕೂತು ನೋಡಿ.

ಗುರು ನಾನಕರು ಹುಟ್ಟಿದ ನನಕಾನಾ ಸಾಹಿಬ್ ಈಗ ಪಾಕಿಸ್ತಾನದಲ್ಲಿದೆ. ಅವರು ಕೊನೆಯ ದಿನಗಳನ್ನು ಕಳೆದ ಕರ್ತಾರ್‌ಪುರವೂ ಗಡಿಯ ಆಚೆಗೇ, ಸುಮಾರು ನಾಲ್ಕು ಕಿಲೋಮೀಟರ್. 2019ರಲ್ಲಿ ಅದಕ್ಕೊಂದು ದಾರಿ ಮಾಡಿದರು. ಅದು ಆಗಾಗ ಮುಚ್ಚುತ್ತದೆ, ಅದನ್ನೇ ನಂಬಿ ಟಿಕೆಟ್ ಮಾಡಿಸಬೇಡಿ.

ತಲೆಗೆ ಬಟ್ಟೆ ಬೇಕೇ ಬೇಕು, ಗಂಡಸರಿಗೂ. ಕರವಸ್ತ್ರ ಇದ್ದರೂ ಆಗುತ್ತದೆ. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಿ. ಬೀಡಿ, ಸಿಗರೇಟು, ಗುಟ್ಕಾ ಜೇಬಿನಲ್ಲೂ ಇರಬಾರದು. ಇದನ್ನು ಗಂಡಸರಿಗೆ ಒತ್ತಿ ಹೇಳುತ್ತಿದ್ದೇನೆ. ಕಡಾ ಪ್ರಸಾದಕ್ಕೆ ಎರಡೂ ಕೈ ಬೊಗಸೆ ಮಾಡಿ. ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಮೂರೂ ಸಮಸಮ, ಅಂಗೈಯೆಲ್ಲ ಜಿಡ್ಡಾಗುತ್ತದೆ. ಮೇ, ಜೂನ್‌ನಲ್ಲಿ ಹೋದರೆ ಅಮೃತಶಿಲೆಗೆ ಕಾಲು ಸುಡುತ್ತದೆ. ಜನವರಿಯಲ್ಲಿ ಮಂಜು ಕವಿದು ರೈಲು ತಡವಾಗುತ್ತದೆ. ದೀಪಾವಳಿ ಆಸುಪಾಸು ಒಳ್ಳೆಯದು, ಇಲ್ಲ ಅಂದರೆ ಫೆಬ್ರವರಿ ಕೊನೆ.

ಕೊನೆಗೆ ರೈಲು. ನಾಂದೇಡಿನಿಂದ ಅಮೃತಸರಕ್ಕೆ ಸಚ್‌ಖಂಡ್ ಎಕ್ಸ್‌ಪ್ರೆಸ್ ಇದೆ. ಎರಡು ತಖ್ತ್‌ಗಳನ್ನು ಜೋಡಿಸುವ ಗಾಡಿ, ಇಡೀ ಒಂದು ರಾತ್ರಿ ಕಳೆದು ಮಾರನೇ ದಿನ ಮುಟ್ಟಿಸುತ್ತದೆ. ದಾರಿಯ ಕೆಲವು ನಿಲ್ದಾಣಗಳಲ್ಲಿ ಸೇವೆಯವರು ದಾಲ್, ಪಲ್ಯ, ರೊಟ್ಟಿ ಹೊತ್ತುಕೊಂಡು ಬಂದು ಪ್ರಯಾಣಿಕರಿಗೆ ಪುಕ್ಕಟೆ ಬಡಿಸುತ್ತಾರೆ. ಸ್ಲೀಪರ್, ಎಸಿ ಅಂತ ಭೇದ ಇಲ್ಲ. ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಹಾಗಾಗಿ ತಟ್ಟೆ, ಡಬ್ಬಿ ಚೀಲದ ತಳದಲ್ಲಿ ಇಡಬೇಡಿ, ಕೈಗೆ ಸಿಗುವ ಹಾಗೆ ಮೇಲೇ ಇಟ್ಟುಕೊಳ್ಳಿ.

ನಮಸ್ಕಾರ.