ಯುರೋಪಿನಲ್ಲಿ ಹೋಂಡಾ: ಎಲ್ಲದಕ್ಕೂ ತಡ

ಎಲ್ಲರಿಗೂ ನಮಸ್ಕಾರ. ಯುರೋಪಿನಲ್ಲಿ ಹೋಂಡಾ ಕಾರು ಯಾಕೆ ಓಡಲಿಲ್ಲ ಅಂತ ಯಾರನ್ನೇ ಕೇಳಿ, ಉತ್ತರ ಸಿದ್ಧವಾಗಿರುತ್ತದೆ. "ಅವರಿಗೆ ಅವರ ಫೋಕ್ಸ್‌ವ್ಯಾಗನ್, ರೆನೋ ಮೇಲೆ ಅಭಿಮಾನ ಸಾರ್." ನಾನಂತೂ ಒಪ್ಪಲ್ಲ. ಹಾಗಿದ್ದರೆ ಟೊಯೋಟಾ ಯಾರಿಸ್ ಅಲ್ಲಿ ಹೇಗೆ ಗೆದ್ದಿತು? ಯುರೋಪಿನ ವರ್ಷದ ಕಾರು ಅನ್ನೋ ಪ್ರಶಸ್ತಿ ಅದಕ್ಕೆ 2000ದಲ್ಲೂ ಬಂತು, 2021ರಲ್ಲೂ ಬಂತು. ನಿಸಾನ್ ಕಶ್ಕಾಯ್ ಅನ್ನು ಲಂಡನ್ನಿನಲ್ಲಿ ವಿನ್ಯಾಸ ಮಾಡಿ, ಸಂಡರ್ಲೆಂಡಿನಲ್ಲಿ ಕಟ್ಟಿ ಮಾರಿದರು. ಅದೂ ಜಪಾನಿನ ಕಂಪನಿಯೇ ಅಲ್ವಾ?

ನನ್ನ ವಾದ ಇಷ್ಟೇ. ಹೋಂಡಾದ ಕಣ್ಣು ಯಾವಾಗಲೂ ಅಮೆರಿಕದ ಮೇಲೆ. ಯುರೋಪ್ ಕೇಳಿದ್ದನ್ನು ಕೊಡುತ್ತದೆ, ಸೊಗಸಾಗಿಯೇ ಕೊಡುತ್ತದೆ, ಆದರೆ ತಡವಾಗಿ.

ಡೀಸೆಲ್ ಕಥೆ ಹೇಳಲೇಬೇಕು, ಇದು ನನಗೆ ಬಹಳ ಇಷ್ಟ. ಯುರೋಪಿನ ಬಹುತೇಕ ದೇಶಗಳಲ್ಲಿ ಡೀಸೆಲ್ ಮೇಲೆ ತೆರಿಗೆ ಕಡಿಮೆ, ಹಾಗಾಗಿ ಜನ ಅದರ ಕಡೆಗೇ ವಾಲಿದರು. ಆಡಿ 1989ರಲ್ಲೇ ಟಿಡಿಐ ಅನ್ನೋ ಡೀಸೆಲ್ ಎಂಜಿನ್ ತಂದಿತ್ತು. ಹೋಂಡಾ ಏನು ಮಾಡಿತು? ತನ್ನ ಅಕಾರ್ಡ್ ಕಾರಿಗೆ ರೋವರ್ ಕಂಪನಿಯಿಂದ, ಸಿವಿಕ್ ಕಾರಿಗೆ ಇಸುಜು ಕಂಪನಿಯಿಂದ ಡೀಸೆಲ್ ಎಂಜಿನ್ ತಂದು ಕೂರಿಸಿತು. ಎಂಜಿನ್ನಿಗೇ ಹೆಸರಾದ ಕಂಪನಿ ಸ್ವಾಮಿ! ಅವರ ವಿಟೆಕ್ ಅನ್ನೋ ಹೆಸರಾಂತ ಪೆಟ್ರೋಲ್ ಎಂಜಿನ್ನಿನ ಹಿಂದಿದ್ದ ಎಂಜಿನಿಯರ್ ಕೆನಿಚಿ ನಾಗಾಹಿರೊ ಅವರಿಗೆ ಡೀಸೆಲ್ ಅಂದರೆ ಆಗುತ್ತಿರಲಿಲ್ಲ. ಸದ್ದು, ಹೊಗೆ, ವಾಸನೆ ಯಾವುದೂ ಬೇಡ. ಮಾಡುವುದಾದರೆ ಮೊದಲಿಂದ ನಮ್ಮ ರೀತಿಯಲ್ಲೇ ಮಾಡುತ್ತೇವೆ ಅಂತ ಪಟ್ಟು ಹಿಡಿದರು. ಕೊನೆಗೆ ಬಂದದ್ದು ಅಲ್ಯೂಮಿನಿಯಂ ಬ್ಲಾಕಿನ 2.2 ಲೀಟರ್ ಎಂಜಿನ್, ಡೀಸೆಲ್ಲೇ ಹೌದಾ ಅನ್ನಿಸುವಷ್ಟು ನಯ. ಡೀಸೆಲ್ ದ್ವೇಷವನ್ನೇ ಜಾಹೀರಾತಿಗೂ ಬಳಸಿಕೊಂಡರು. ಎಲ್ಲ ಸರಿ, ಆದರೆ ಆ ಎಂಜಿನ್ ಗ್ರಾಹಕರ ಕೈಗೆ ಸಿಗುವ ಹೊತ್ತಿಗೆ 2004 ಬಂದಿತ್ತು. ಊಟ ಮುಗಿದು ಎಲೆ ಎತ್ತುವಾಗ ಹೋಳಿಗೆ ತಂದ ಹಾಗೆ. ಚಿಕ್ಕ ಕಾರಿಗೆ ಒಪ್ಪುವ 1.6 ಲೀಟರ್ ಡೀಸೆಲ್ ಬಂದದ್ದು 2013ರಲ್ಲಿ, ಎರಡು ವರ್ಷ ಕಳೆಯುವಷ್ಟರಲ್ಲಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಹಗರಣ ಹೊರಬಿದ್ದು ಡೀಸೆಲ್ಲಿಗೇ ಕೆಟ್ಟ ಹೆಸರು. ನಗಬೇಡಿ, ನಮ್ಮಲ್ಲೂ ಇದೇ ಆಯಿತು. 2013ರಲ್ಲಿ ಅಮೇಜ್ ಬರುವ ತನಕ ಇಲ್ಲಿನ ಹೋಂಡಾ ಶೋರೂಮಿನಲ್ಲಿ ಡೀಸೆಲ್ ಕಾರೇ ಇರಲಿಲ್ಲ.

2006ರ ಸಿವಿಕ್ ಹ್ಯಾಚ್‌ಬ್ಯಾಕ್ ಅನ್ನು ಯುರೋಪಿಗೇ ಅಂತ ಬೇರೆಯಾಗಿ ಮಾಡಿದ್ದರಲ್ಲ ಅಂತ ಯಾರಾದರೂ ಕೇಳಬಹುದು. ನಿಜ, ಒಳ್ಳೆಯ ಕಾರು. ಆದರೆ ಆ ದಾರಿಯನ್ನೂ ಬಿಟ್ಟುಬಿಟ್ಟರು. 2017ರ ಹೊತ್ತಿಗೆ ಜಗತ್ತಿಗೆಲ್ಲ ಒಂದೇ ಸಿವಿಕ್. ಅದನ್ನು ಇಂಗ್ಲೆಂಡಿನ ಸ್ವಿಂಡನ್ ಕಾರ್ಖಾನೆಯಲ್ಲಿ ಕಟ್ಟಿ ದೊಡ್ಡ ಪಾಲನ್ನು ಹಡಗಿಗೆ ಹಾಕಿ ಎಲ್ಲಿಗೆ ಕಳಿಸುತ್ತಿದ್ದರು ಗೊತ್ತಾ? ಅಮೆರಿಕಕ್ಕೆ! ಯುರೋಪಿನ ಕಾರ್ಖಾನೆಯೂ ಅಮೆರಿಕಕ್ಕಾಗಿಯೇ ದುಡಿಯುತ್ತಿತ್ತು. ಕಾರ್ಖಾನೆ ಮುಚ್ಚುತ್ತೇವೆ ಅಂತ 2019ರ ಫೆಬ್ರವರಿಯಲ್ಲಿ ಹೇಳಿದರು, 2021ರ ಜುಲೈನಲ್ಲಿ ಮುಚ್ಚಿದರು. ಸುಮಾರು 3,500 ಜನರ ಕೆಲಸ ಹೋಯಿತು. ಎಲ್ಲರೂ ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟದ್ದೇ ಕಾರಣ ಅಂದರು, ಕಂಪನಿ ಅಲ್ಲ ಅಂತು. ನಾನು ಕಂಪನಿ ಮಾತನ್ನೇ ನಂಬುತ್ತೇನೆ. ಯುರೋಪ್ ಒಕ್ಕೂಟ ಜಪಾನ್ ಕಾರುಗಳ ಮೇಲಿನ ಶೇ. 10ರ ಸುಂಕವನ್ನು ಹಂತ ಹಂತವಾಗಿ ಇಳಿಸುವ ಒಪ್ಪಂದ ಜಾರಿಗೆ ಬಂದದ್ದೂ ಅದೇ 2019ರ ಫೆಬ್ರವರಿಯಲ್ಲಿ. ಇನ್ನು ಅಲ್ಲೇ ಕಟ್ಟುವ ದರ್ದು ಏನಿತ್ತು?

ಚೀಟಿ ಬಂತು, ಇನ್ನು ಐದೇ ನಿಮಿಷ ಅಂತೆ. ಹೈಬ್ರಿಡ್ ವಿಷಯ ಬಿಡುತ್ತೇನೆ. ಹೋಂಡಾ ಇ ಬಗ್ಗೆ ಒಂದು ಮಾತು. 2020ರಲ್ಲಿ ಬಂದ ಪುಟ್ಟ ಎಲೆಕ್ಟ್ರಿಕ್ ಕಾರು, ಕನ್ನಡಿ ಬದಲು ಕ್ಯಾಮೆರಾ, ನೋಡಿದವರೆಲ್ಲ ಮುದ್ದಾಗಿದೆ ಅಂದರು. ಈ ಒಂದು ಸಲ ಅವರು ಯುರೋಪಿನ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಬ್ಯಾಟರಿ 35.5 ಕಿಲೋವ್ಯಾಟ್ ಅವರ್, ಒಂದು ಚಾರ್ಜಿಗೆ ಸುಮಾರು 220 ಕಿಲೋಮೀಟರ್, ಬೆಲೆ ಮಾತ್ರ ಜೋರು. ರೆನೋ ಜೋಯಿ 52 ಕಿಲೋವ್ಯಾಟ್ ಅವರ್ ಬ್ಯಾಟರಿ ಕೊಡುತ್ತಿರುವಾಗ ಸುಮ್ನೆ ಮುದ್ದಾಗಿದೆ ಅಂತ ಯಾರು ಕೊಳ್ಳುತ್ತಾರೆ? 2024ರ ಹೊತ್ತಿಗೆ ಅದನ್ನೂ ನಿಲ್ಲಿಸಿದರು.

ಡೀಲರುಗಳ ಪಾಡು, ಚೀನಾದ ಕಾರುಗಳು ಅಂತ ಬರೆದುಕೊಂಡು ಬಂದಿದ್ದೆ, ಅದಕ್ಕೆ ಸಮಯ ಇಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾರೆ. ಕೇಳಿ ಸಾರ್. ಬ್ರೆಕ್ಸಿಟ್ ಬಗ್ಗೆ ತಾನೇ?