ಹಳೆಯ ಗಿಟಾರ್‌ಗೆ ಹೊಸ ಬ್ರಿಡ್ಜ್: ಬಿಳಿ ಮೂರರಿಂದ ಬಿಳಿ ಒಂದಕ್ಕೆ

ಮೇಜಿನ ಮೇಲಿರುವ ಈ ಗಿಟಾರ್ 1970ರ ದಶಕದಲ್ಲಿ ಜಪಾನಿನಲ್ಲಿ ತಯಾರಾದದ್ದು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರನ್ನು ಎದುರಿಗಿಟ್ಟುಕೊಂಡು ಮಾಡಿದ ನಕಲು. ಆ ಕಾಲದ ಅನೇಕ ಜಪಾನಿ ನಕಲುಗಳಂತೆ ಇದರ ಕುತ್ತಿಗೆಯನ್ನೂ ಅಂಟಿಸಿಲ್ಲ, ಸ್ಕ್ರೂ ಹಾಕಿ ಬಿಗಿದಿದ್ದಾರೆ. ಗಣೇಶನ ಹಬ್ಬದಿಂದ ಹಿಡಿದು ಮದುವೆಯ ಆರತಕ್ಷತೆಯವರೆಗೆ ಬಳ್ಳಾರಿಯ ಆರ್ಕೆಸ್ಟ್ರಾಗಳಲ್ಲಿ ಚಿತ್ರಗೀತೆ ನುಡಿಸುತ್ತಿದ್ದ ನಮ್ಮ ಸೋದರಮಾವ ಇದನ್ನು ನನ್ನ ಕೈಗೆ ಕೊಡುವಾಗ ಒಂದೇ ಷರತ್ತು ಹಾಕಿದರು: ಮರಕ್ಕೆ ಡ್ರಿಲ್ ತಾಗಿಸಕೂಡದು. ಮುಂದೆ ನೀವು ನೋಡಲಿರುವ ಅಷ್ಟೂ ರಗಳೆಗೆ ಆ ಷರತ್ತೇ ಮೂಲ. ಈ ವೀಡಿಯೊದಲ್ಲಿ ತಂತಿ ಬಿಚ್ಚುವ ಭಾಗವನ್ನು ವೇಗವಾಗಿ ಓಡಿಸಿದ್ದೇನೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಮೈಕಿಗೆ ಸದ್ದು ಬರುತ್ತದೆಂದು ಫ್ಯಾನ್ ಆರಿಸಿದ್ದೇನೆ. ಬೇಸಿಗೆಯ ಬಳ್ಳಾರಿಯಲ್ಲಿ ಹಾಗೆ ಮಾಡುವವನ ಪಾಡು ಏನೆಂಬುದು ನಮ್ಮ ಕಡೆಯವರಿಗೆ ಗೊತ್ತೇ ಇದೆ, ಆದ್ದರಿಂದ ನಡುನಡುವೆ ಟವೆಲ್ ಕಾಣಿಸಿಕೊಂಡರೆ ಕ್ಷಮಿಸಿ.

ಗಿಟಾರಿನ ಅತಿ ದಪ್ಪ ತಂತಿಯನ್ನು ಸಾಮಾನ್ಯವಾಗಿ ‘ಇ’ ಸ್ವರಕ್ಕೆ, ಅಂದರೆ ಸೆಕೆಂಡಿಗೆ 82.41 ಕಂಪನಗಳಿಗೆ ಶ್ರುತಿ ಮಾಡುತ್ತಾರೆ. ನನಗೆ ಬೇಕಾಗಿರುವುದು ‘ಸಿ’, ಅಂದರೆ 65.41. ಹಾರ್ಮೋನಿಯಂ ಬಲ್ಲವರಿಗೆ ಬಿಳಿ ಮೂರರಿಂದ ಬಿಳಿ ಒಂದಕ್ಕೆ ಇಳಿಸುತ್ತಿದ್ದೇನೆ ಎಂದರೆ ಸಾಕು. ಇಳಿಸುವುದಕ್ಕೆ ಕಿವಿ ಹಿಂಡಿದರೆ ಆಯಿತಲ್ಲ ಎಂದು ಮಾವನೇ ಕೇಳಿದರು. ಆದರೆ ತಂತಿಯ ಬಿಗಿತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ, ಈ ಇಳಿತದಲ್ಲಿ ಮೊದಲಿನ ಬಿಗಿತದ ಶೇ. 63ರಷ್ಟು ಮಾತ್ರ ಉಳಿಯುತ್ತದೆ. ಕಂಪಿಸುವ ತಂತಿಯ ಉದ್ದ ಇಪ್ಪತ್ತನಾಲ್ಕು ಮುಕ್ಕಾಲು ಇಂಚು ಇರುವ ಈ ಗಿಟಾರಿನಲ್ಲಿ 46ರ ತಂತಿ ‘ಇ’ಯಲ್ಲಿದ್ದಾಗ ಸುಮಾರು ಏಳೂವರೆ ಕಿಲೋ ಎಳೆತದಲ್ಲಿದ್ದರೆ, ‘ಸಿ’ಗೆ ಬಂದಾಗ ಆ ಎಳೆತ ಐದು ಕಿಲೋಗೂ ಕೆಳಗಿಳಿಯುತ್ತದೆ. ಅಷ್ಟು ಸಡಿಲವಾದ ತಂತಿ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್‌ಗಳಿಗೆ ಬಡಿಯುತ್ತದೆ, ಜೋರಾಗಿ ಮೀಟಿದೊಡನೆ ಸ್ವರ ಮೇಲಕ್ಕೆ ಹಾರುತ್ತದೆ. ಮೊದಲಿನ ಬಿಗಿತವೇ ಬೇಕೆಂದರೆ 58ರ ಆಸುಪಾಸಿನ ತಂತಿ ಬೇಕು. ನಾನು 12ರಿಂದ 60ರವರೆಗಿನ ಸೆಟ್ ತಂದಿದ್ದೇನೆ. ಇದರಲ್ಲಿ ಮೂರನೆಯ ತಂತಿಗೂ ಸುರುಳಿ ಸುತ್ತಿರುತ್ತದೆ. ಈ ಸಂಖ್ಯೆಗಳೆಲ್ಲ ಇಂಚಿನ ಸಾವಿರದ ಭಾಗಗಳು, ಆದ್ದರಿಂದ 60 ಎಂದರೆ ಒಂದೂವರೆ ಮಿಲಿಮೀಟರ್ ದಪ್ಪ.

ಈಗ ಹಳೆಯ ಬ್ರಿಡ್ಜ್, ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಲೋಹದ ಪಟ್ಟಿ, ಹತ್ತಿರದಿಂದ ಕಾಣುತ್ತಿದೆ. ಮೇಲೆ ಸ್ಟೀಲ್ ಸ್ಕೇಲ್ ಇಟ್ಟಿದ್ದೇನೆ. ಎರಡೂ ತುದಿಗಳಲ್ಲಿ ಸ್ಕೇಲ್ ಕೂತಿದ್ದರೂ ನಡುವೆ ಬೆಳಕು ನುಸುಳುತ್ತಿರುವುದನ್ನು ಗಮನಿಸಿ. ಸತುವಿನ ಮಿಶ್ರಲೋಹದ ಎರಕ, ಎರಡೇ ಕಂಬಗಳ ಆಸರೆ, ದಶಕಗಟ್ಟಲೆ ತಂತಿಗಳ ಒತ್ತಡ: ನಡು ಬಾಗಿದೆ. ಸ್ಕ್ರೂಗಳ ಥ್ರೆಡ್‌ನಲ್ಲಿ ನಮ್ಮೂರಿನ ಅದಿರಿನ ಕೆಂಪು ಧೂಳು ಎಣ್ಣೆಯೊಂದಿಗೆ ಬೆರೆತು ಗಟ್ಟಿಯಾಗಿದೆ, ಸೂಜಿಯಿಂದ ಕೆರೆದರೆ ಕುಂಕುಮದಂತೆ ಉದುರುತ್ತದೆ. ತಂತಿಗಳು ಕೂರುವ ಸಣ್ಣ ಲೋಹದ ತುಂಡುಗಳಾದ ಸ್ಯಾಡಲ್‌ಗಳು ಬೀಳದಿರಲೆಂದು ಅಡ್ಡಲಾಗಿ ಸಿಕ್ಕಿಸಿರುವ ಈ ಸಣ್ಣ ತಂತಿಯಂತೂ ದಪ್ಪ ತಂತಿಯನ್ನು ಮೀಟಿದಾಗಲೆಲ್ಲ ಜಿರಿಜಿರಿ ಎನ್ನುತ್ತದೆ. ಸ್ಪಷ್ಟವಾಗಿ ಹೇಳುತ್ತೇನೆ, ಇದು ಗುಜರಿಗೆ ಹಾಕುವ ಸಾಮಾನು.

ಈ ಬಗೆಯ ಬ್ರಿಡ್ಜ್‌ಗೆ ಟ್ಯೂನ್-ಒ-ಮ್ಯಾಟಿಕ್ ಎಂದು ಹೆಸರು. ಗಿಬ್ಸನ್ ಕಂಪನಿಯ ಅಂದಿನ ಮುಖ್ಯಸ್ಥ ಟೆಡ್ ಮೆಕಾರ್ಟಿ ಅವರ ಕಾಲದಲ್ಲಿ ಸಿದ್ಧವಾಗಿ 1954ರ ಲೆಸ್ ಪಾಲ್ ಕಸ್ಟಮ್ ಗಿಟಾರಿನೊಂದಿಗೆ ಬಂದ ಇದರ ಹೆಚ್ಚುಗಾರಿಕೆ ಎಂದರೆ, ಪ್ರತಿ ತಂತಿಗೂ ಪ್ರತ್ಯೇಕ ಸ್ಯಾಡಲ್ ಇದ್ದು, ಅದನ್ನು ಸ್ಕ್ರೂ ತಿರುಗಿಸಿ ಹಿಂದೆ ಮುಂದೆ ಸರಿಸಬಹುದು. ದಪ್ಪ ತಂತಿ ಹೆಚ್ಚು ಪೆಡಸಾಗಿರುವುದರಿಂದ, ಫ್ರೆಟ್ ಮೇಲೆ ಒತ್ತಿದಾಗ ಅದರ ಸ್ವರ ಇರಬೇಕಾದ್ದಕ್ಕಿಂತ ಏರುತ್ತದೆ. ಆ ಏರಿಕೆಯನ್ನು ಸರಿದೂಗಿಸಲು ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯ ಉದ್ದವನ್ನು ಹೆಚ್ಚಿಸಬೇಕಾಗುತ್ತದೆ. ಹಳೆಯ ಬ್ರಿಡ್ಜ್ ಕಿರಿದಾದ್ದರಿಂದ ಹಿಂದಕ್ಕೆ ಹೋಗಲು ಜಾಗ ಕಡಿಮೆ. 60ರ ತಂತಿ ಹಾಕಿ, ಸ್ಯಾಡಲನ್ನು ಕಟ್ಟಕಡೆಯವರೆಗೆ ತಳ್ಳಿದ ಮೇಲೂ ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ವರ ಎಂಟು ಸೆಂಟ್ ಮೇಲೆಯೇ ಇತ್ತು. ಒಂದು ಅರ್ಧಸ್ವರದ ನೂರನೆಯ ಒಂದು ಭಾಗವೇ ಸೆಂಟ್. ಈ ಉದ್ದದ ಗಿಟಾರಿನಲ್ಲಿ ಸ್ಯಾಡಲ್ ಒಂದು ಮಿಲಿಮೀಟರ್ ಸರಿದರೆ ಆ ಸ್ಥಳದಲ್ಲಿ ಮೂರು ಸೆಂಟ್‌ಗೆ ತುಸು ಕಡಿಮೆ ವ್ಯತ್ಯಾಸವಾಗುತ್ತದೆ. ಹಾಗಾದರೆ ಇನ್ನೂ ಮೂರು ಮಿಲಿಮೀಟರ್ ಜಾಗ ಬೇಕು, ಅದು ಇಲ್ಲಿಲ್ಲ. 1970ರ ದಶಕದಲ್ಲಿ ಗಿಬ್ಸನ್‌ನವರೇ ಬಳಕೆಗೆ ತಂದ ನ್ಯಾಶ್‌ವಿಲ್ ಎಂಬ ಅಗಲವಾದ ಮಾದರಿ ಇದಕ್ಕೆ ತಕ್ಕ ಪರಿಹಾರ. ನಾನು ತರಿಸಿದ್ದು ಅದೇ ಆಕಾರದ ಬ್ರಿಡ್ಜನ್ನು.

ಈ ಪೊಟ್ಟಣ ತೆರೆಯುವ ದೃಶ್ಯದಲ್ಲಿ ನನ್ನ ಮುಖ ಏಕೆ ಹಾಗಿದೆ ಎಂಬುದನ್ನು ಹೇಳಲೇಬೇಕು. ಬ್ರಿಡ್ಜ್‌ನ ಬೆಲೆ 3,600 ರೂಪಾಯಿ, ವಿದೇಶದಿಂದ ಸಾಗಣೆಗೆ 1,450. ಇಷ್ಟಕ್ಕೆ ಸಿದ್ಧನಾಗಿಯೇ ಇದ್ದೆ. ಬಾಗಿಲಿಗೆ ಬಂದ ಕೊರಿಯರ್ ಹುಡುಗ ಮತ್ತೆ 1,780 ರೂಪಾಯಿ ಕೇಳಿದ. ರಸೀದಿ ಓದಿದರೆ ಅದರಲ್ಲಿ ಕಸ್ಟಮ್ಸ್ ಸುಂಕ ಒಂದು ಸಾಲು, ಆ ಸುಂಕವನ್ನು ನನ್ನ ಪರವಾಗಿ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿಯ ಸೇವಾಶುಲ್ಕ ಇನ್ನೊಂದು ಸಾಲು, ಆ ಸೇವಾಶುಲ್ಕದ ಮೇಲೆ ಜಿಎಸ್‌ಟಿ ಮತ್ತೊಂದು ಸಾಲು. ಸುಂಕದ ಬಗ್ಗೆ ನನ್ನ ತಕರಾರಿಲ್ಲ. ನಾನು ಕೇಳದೆಯೇ ನನಗೆ ಸಾಲ ಕೊಟ್ಟು, ಸಾಲ ಕೊಟ್ಟಿದ್ದಕ್ಕೆ ದಕ್ಷಿಣೆ ಕೇಳಿ, ಆ ದಕ್ಷಿಣೆಗೆ ತೆರಿಗೆಯನ್ನೂ ನನ್ನ ಮೇಲೆಯೇ ಹೇರುವ ಪದ್ಧತಿಯನ್ನು ಕಂಡರೆ ಮೈ ಉರಿಯುತ್ತದೆ. ಬಿಸಿಲಿನಲ್ಲಿ ಬೆವರುತ್ತ ನಿಂತಿದ್ದ ಆ ಹುಡುಗನೊಂದಿಗೆ ವಾದಿಸಿ ಏನು ಪ್ರಯೋಜನ? ನೀರು ಕೊಟ್ಟೆ, ದುಡ್ಡೂ ಕೊಟ್ಟೆ. ಒಟ್ಟು 6,830 ರೂಪಾಯಿ ಆಯಿತು.

ಆಮೇಲೆ ಬ್ರಿಡ್ಜನ್ನು ಗಿಟಾರ್ ಮೇಲೆ ಇಟ್ಟರೆ ಅದು ಕೂರಲಿಲ್ಲ. ಕಂಬಗಳ ನಡುವಿನ ಅಂತರ 74 ಮಿಲಿಮೀಟರ್ ಎಂದು ಮಾರಾಟಗಾರರು ಬರೆದಿದ್ದರು, ಅದು ಸರಿಯಾಗಿತ್ತು. ಕಂಬ ತೂರುವ ರಂಧ್ರ ಐದು ಮಿಲಿಮೀಟರ್ ಎಂದೂ ಬರೆದಿದ್ದರು. ವರ್ನಿಯರ್ ತೋರಿಸುತ್ತಿರುವುದನ್ನು ನೀವೇ ನೋಡಿ, ನಾಲ್ಕಕ್ಕಿಂತ ಕೂದಲೆಳೆ ಹೆಚ್ಚು. ನನ್ನ ಹಳೆಯ ಕಂಬಗಳ ತಲೆ ಸರಿಯಾಗಿ ಐದು. ಜೊತೆಗೆ ಬಂದ ಹೊಸ ಕಂಬಗಳನ್ನು ಹಾಕೋಣವೆಂದರೆ, ಅವುಗಳ ಹಿತ್ತಾಳೆಯ ಬುಷ್, ಅಂದರೆ ಕಂಬ ತಿರುಗಿಸಿ ಕೂರಿಸಲು ಮರದೊಳಗೆ ಹಾಕುವ ಕೊಳವೆ, ಈ ಗಿಟಾರಿನಲ್ಲಿರುವ ಬುಷ್‌ಗಿಂತ ದಪ್ಪ, ಅದನ್ನು ಕೂರಿಸಲು ಮರ ಕೊರೆಯಬೇಕು. ಮಾರಾಟಗಾರರಿಗೆ ಬರೆದೆ. ಒಂದೋ ಮರವನ್ನು ಕೊರೆಯಿರಿ, ಇಲ್ಲವೇ ಬ್ರಿಡ್ಜ್‌ನ ರಂಧ್ರವನ್ನು ದೊಡ್ಡದು ಮಾಡಿಕೊಳ್ಳಿ, ಇದು ಮಾಮೂಲಿ ಹೊಂದಾಣಿಕೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ರಂಧ್ರದ ಸುತ್ತ ಇರುವ ಲೋಹದ ಗೋಡೆ ಎಷ್ಟು ತೆಳು ಎಂಬುದು ಈ ಕೋನದಲ್ಲಿ ಕಾಣುತ್ತದೆ. ಅದನ್ನು ಇನ್ನೊಂದು ಮಿಲಿಮೀಟರ್ ಕೊರೆದರೆ ಒತ್ತಡ ಬೀಳುವ ಜಾಗದಲ್ಲಿಯೇ ಬಿರುಕು ಬಿಡಬಹುದು. ಮರದ ಮಾತಂತೂ ಎತ್ತುವ ಹಾಗೆಯೇ ಇಲ್ಲ. ಕೊರೆದ ಮರವನ್ನು ಮತ್ತೆ ತುಂಬಬಹುದು, ಆದರೆ ಐವತ್ತು ವರ್ಷ ಒಣಗಿದ ಆ ಮರವೇ ವಾಪಸ್ ಬರುವುದಿಲ್ಲ. ಬ್ರಿಡ್ಜ್, ಸ್ಯಾಡಲ್, ಕಂಬ ಇವೆಲ್ಲ ಬಿಚ್ಚಿ ಹಾಕುವ ಭಾಗಗಳು. ಬದಲಾಯಿಸುವುದಿದ್ದರೆ ಅವುಗಳನ್ನೇ ಬದಲಾಯಿಸಬೇಕು ಎಂಬ ಹಟ ನನ್ನದು.

ಬಳ್ಳಾರಿಯಲ್ಲಿ ಗಿಟಾರ್ ರಿಪೇರಿ ಮಾಡುವವರನ್ನು ಹುಡುಕುವುದು ಕಷ್ಟ, ಲೇತ್ ಅಂಗಡಿಗಳಿಗೆ ಮಾತ್ರ ಬರವಿಲ್ಲ. ಲಾರಿಗಳಿಗೂ ಗಣಿಯ ಯಂತ್ರಗಳಿಗೂ ಶಾಫ್ಟ್, ಪಿನ್ ಕಡೆಯುವ ಇಂಥದ್ದೊಂದು ಅಂಗಡಿಗೆ ಹಳೆಯ ಕಂಬ, ಹೊಸ ಬ್ರಿಡ್ಜ್ ಎರಡನ್ನೂ ಒಯ್ದೆ. ಕೆಳಭಾಗ ಹಳೆಯ ಬುಷ್‌ಗೆ ಹೊಂದುವ ಎಂಟು ಮಿಲಿಮೀಟರ್ ಥ್ರೆಡ್, ಮೇಲ್ಭಾಗ ಹೊಸ ರಂಧ್ರಕ್ಕೆ ಹೊಂದುವ ನಾಲ್ಕು ಮಿಲಿಮೀಟರ್ ತಲೆ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮೇಸ್ತ್ರಿ ಅದನ್ನು ಬೆರಳ ತುದಿಯಲ್ಲಿ ಹೊರಳಿಸಿ, “ಇಷ್ಟ್ ಸಣ್ಣದು ಯಾವ ಗಾಡೀದ್ರಿ ಇದು?” ಎಂದು ಕೇಳಿದರು. ಗಿಟಾರಿನದು ಎಂದೆ. ಹಿತ್ತಾಳೆಯಲ್ಲಿ ಮಾಡಿದರೆ ನಾದ ಮೃದುವಾಗುತ್ತದೆ ಎಂದು ಎಲ್ಲೋ ಓದಿದ್ದನ್ನು ಹೇಳಿದ್ದಕ್ಕೆ, “ನಾಲ್ಕ್ ಎಂಎಂ ಹಿತ್ತಾಳಿ ಬಾಗ್ತತ್ರಿ ಸರ, ಸ್ಟೀಲಿಂದ ಮಾಡಿ ಕೊಡ್ತೀನಿ ತಗೊಳ್ರಿ” ಎಂದು ಚರ್ಚೆಯನ್ನು ಮುಗಿಸಿಬಿಟ್ಟರು. ಹಿತ್ತಾಳೆಯ ನಾದದ ಬಗ್ಗೆ ನನಗಿದ್ದ ಭಕ್ತಿ ಅಲ್ಲಿಯೇ ಅರ್ಧ ಇಳಿಯಿತು. ಕಂಬ ಅಲುಗದೆ ನಿಲ್ಲುವುದು ಮುಖ್ಯ, ಉಳಿದದ್ದೆಲ್ಲ ಆಮೇಲಿನ ಮಾತು. ಎರಡು ಕಂಬಗಳಿಗೆ ಅವರು ತೆಗೆದುಕೊಂಡದ್ದು ಮುನ್ನೂರು ರೂಪಾಯಿ. ಕೊರಿಯರ್‌ನವರ ರಸೀದಿಯ ಪಕ್ಕದಲ್ಲಿ ಅದನ್ನು ಇಟ್ಟು ತೋರಿಸುತ್ತಿರುವುದು ಉದ್ದೇಶಪೂರ್ವಕವಾಗಿಯೇ.

ಇನ್ನು ಸ್ಯಾಡಲ್‌ಗಳಿಗೆ ಕಚ್ಚು ಹಾಕುವ ಕೆಲಸ. ಗ್ಯಾಸ್ ವೆಲ್ಡಿಂಗ್ ನಾಝಲ್ ಶುಚಿಗೊಳಿಸುವ ಸೂಜಿಗಳೇ ಇದಕ್ಕೆ ಸಾಕು, ದುಬಾರಿ ಅರಗಳು ಬೇಡ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನೇ. ಸಣ್ಣ ತಂತಿಗಳ ಮಟ್ಟಿಗೆ ಅದು ಈಗಲೂ ನಿಜ, ಆದರೆ ಒಂದೂವರೆ ಮಿಲಿಮೀಟರ್ ಕಚ್ಚನ್ನು ಅವುಗಳಿಂದ ತಿಕ್ಕುತ್ತ ಕುಳಿತರೆ ಸಂಜೆಯಾಗುತ್ತದೆ. ಬ್ರೂಸ್‌ಪೇಟೆಯಲ್ಲಿ ಪರಿಚಯದ ಪತ್ತಾರರೊಬ್ಬರು ತಮ್ಮ ದುಂಡನೆಯ ಸಣ್ಣ ಅರವನ್ನು ಎರವಲು ಕೊಟ್ಟಿದ್ದಾರೆ, ಕೆಲಸ ಬೆಣ್ಣೆಯಂತೆ ಸಾಗುತ್ತಿದೆ. ಕಚ್ಚಿನ ಆಳ ತಂತಿಯ ಅರ್ಧ ದಪ್ಪದಷ್ಟಿದ್ದರೆ ಸಾಕು, ಉಳಿದ ಅರ್ಧ ಮೇಲೆ ಕಾಣಬೇಕು. ಅರವನ್ನು ಮಟ್ಟಸವಾಗಿ ಹಿಡಿಯದೆ ಹಿಂಭಾಗಕ್ಕೆ ಇಳಿಜಾರಾಗಿ ಹಿಡಿದಿರುವುದನ್ನು ಗಮನಿಸಿ. ತಂತಿಯು ಸ್ಯಾಡಲ್‌ನ ಮುಂದಿನ ಅಂಚಿನಲ್ಲಿ ಒಂದೇ ಬಿಂದುವಿನಿಂದ ಬಿಡುಗಡೆಯಾಗಬೇಕು. ಕಚ್ಚಿನ ತಳ ಚಪ್ಪಟೆಯಾದರೆ ತಂತಿ ಅದರ ಮೇಲೆ ಉದ್ದಕ್ಕೂ ಸವರಿಕೊಂಡು ಝೇಂಕರಿಸುತ್ತದೆ. ತಂಬೂರಿಯ ಕುದುರೆಯನ್ನು ಬೇಕೆಂದೇ ಹಾಗೆ ಅಗಲವಾಗಿ, ಸಣ್ಣ ಉಬ್ಬಿನೊಂದಿಗೆ ತೀಡಿ, ಕೆಳಗೆ ನೂಲು ಸೇರಿಸಿ ಜವಾರಿ ಎಂಬ ಝೇಂಕಾರವನ್ನು ತೆಗೆಯುತ್ತಾರೆ. ಅಲ್ಲಿ ಅದೇ ಸೊಗಸು. ಇಲ್ಲಿ, ಆಂಪ್ಲಿಫೈಯರ್‌ನಲ್ಲಿ ಡಿಸ್ಟಾರ್ಷನ್ ಏರಿಸಿ ‘ಸಿ’ ತಂತಿಯನ್ನು ಮೀಟಿದಾಗ, ಆ ಝೇಂಕಾರ ಕೆಟ್ಟ ಸ್ಪೀಕರಿನ ಗೊರಗೊರದಂತೆ ಕೇಳಿಸುತ್ತದೆ.

ಜೋಡಿಸುವ ಭಾಗವನ್ನು ಕತ್ತರಿಸಿದ್ದೇನೆ. ಒಂದು ಮಾತು ಮಾತ್ರ: ಬ್ರಿಡ್ಜ್ ಅಗಲವಾಗಿರುವುದರಿಂದ ತಂತಿಗಳು ಹಿಂದೆ ಇಳಿಯುವಾಗ ಅದರ ಹಿಂಬದಿಯ ಅಂಚಿಗೆ ಉಜ್ಜುತ್ತಿದ್ದವು, ಆದ್ದರಿಂದ ತಂತಿ ಕಟ್ಟುವ ಹಿಂದಿನ ಪಟ್ಟಿಯನ್ನು ಎರಡು ಸುತ್ತು ಮೇಲಕ್ಕೆತ್ತಿದೆ. ಈಗ ಟ್ಯೂನರ್ ನೋಡಿ. ಆರನೆಯ ತಂತಿಯ ಸ್ಯಾಡಲನ್ನು ಬಿಚ್ಚಿ, ನೇರ ಬದಿ ಹಿಂದಕ್ಕೆ ಬರುವಂತೆ ತಿರುಗಿಸಿ ಕೂರಿಸಿದ್ದರಿಂದ ಮತ್ತೊಂದು ಮಿಲಿಮೀಟರ್‌ನಷ್ಟು ಜಾಗ ಸಿಕ್ಕಿತು. ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲಿಯೇ ಬೆರಳು ತಾಗಿಸಿ ಬಿಟ್ಟಾಗ ಬರುವ ಸ್ವರವೂ ಒಂದೇ ಗೆರೆಯ ಮೇಲಿವೆ. ಐದನೆಯದು ಎರಡು ಸೆಂಟ್ ಮೇಲಿದೆ, ಅದು ಹಾಗೆಯೇ ಇರಲಿ. ನನ್ನ ಬೆರಳು ಫ್ರೆಟ್ ಮೇಲೆ ಬೀಳುವ ಭಾರವೇ ಅದಕ್ಕಿಂತ ಹೆಚ್ಚು ಏರುಪೇರು ಮಾಡುತ್ತದೆ.

ಮಾವ ನುಡಿಸಿ ನೋಡಿದರು. ನಾದ ದಪ್ಪವಾಗಿದೆ, ಬಾಸ್ ಗಿಟಾರ್ ನುಡಿಸಿದ ಹಾಗಿದೆ ಎಂದರು; ಅದು ಹೊಗಳಿಕೆಯೋ ಅಲ್ಲವೋ ಅವರ ಮುಖ ನೋಡಿದರೂ ತಿಳಿಯಲಿಲ್ಲ. ಆಮೇಲೆ ಗಣೇಶನ ಹಬ್ಬಕ್ಕೆ ಹಳೆಯ ತಂಡದವರು ಕರೆದಿದ್ದಾರೆ, ಆಗ ಮೊದಲಿನಂತೆ ಮಾಡಿಕೊಡು ಎಂದರು. ಹಾಗಾಗಿ ಗುಜರಿಗೆ ಹಾಕುತ್ತೇನೆಂದ ಬ್ರಿಡ್ಜನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಕಂಬಗಳೊಂದಿಗೆ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಸಣ್ಣ ತಂತಿಗೆಂದು ಮಾಡಿದ ಬ್ರಿಡ್ಜ್ ಅದು, ಸಣ್ಣ ತಂತಿಯ ಕೆಳಗೆ ಇಷ್ಟು ವರ್ಷ ಸರಿಯಾಗಿಯೇ ದುಡಿದಿದೆ. ಉಳಿದಿರುವುದು ನಟ್, ಅಂದರೆ ಗಿಟಾರಿನ ತಲೆಯ ಕಡೆ ತಂತಿಗಳು ಕೂರುವ ಕಚ್ಚುಗಳಿರುವ ಸಣ್ಣ ಪಟ್ಟಿ. ದಪ್ಪ ತಂತಿಗಾಗಿ ಅದರ ಕಚ್ಚನ್ನು ಅಗಲ ಮಾಡಿದರೆ ಸಣ್ಣ ತಂತಿ ಅದರಲ್ಲಿ ಓಲಾಡುತ್ತದೆ, ಆದ್ದರಿಂದ ಹಳೆಯದನ್ನು ಮುಟ್ಟದೆ ಎಲುಬಿನ ಇನ್ನೊಂದನ್ನು ಕಡೆಯುತ್ತಿದ್ದೇನೆ. ಅದರ ವಾಸನೆಗೆ ಮನೆಯವರು ಬೈಯುತ್ತಿರುವುದರಿಂದ ಆ ಕೆಲಸ ಮಾಳಿಗೆಯ ಮೇಲೆ ನಡೆದಿದೆ, ಕ್ಯಾಮೆರಾದ ಬ್ಯಾಟರಿಯೂ ಮುಗಿಯುತ್ತ ಬಂದಿದೆ. ಅದನ್ನು ಮುಂದಿನ ವೀಡಿಯೊದಲ್ಲಿ ತೋರಿಸುತ್ತೇನೆ.